ಮಠದ ಬುತ್ತಿ

ಗೂಟಕ್ಕೆ ಸಿಕ್ಕಿಕೊಂಡಿದ್ದ ಕೆಂಪು ಚೀಲವನ್ನು ಕಸ್ತೂರಿ ಬಿಡಿಸಿಕೊಳ್ಳುತ್ತಿದ್ದಾಗಲೇ ಪಡಸಾಲೆಯಿಂದ ಗಂಡನ ಮಾತು ಕಿವಿಗೆ ಬಿತ್ತು.

"ಹಲೋ, ಮಠ ಏನ್ರಿ? ನಾ ಶಹಾಪುರದಿಂದ ಶಿವರಾಜ ಮಾತಾಡಾಕತ್ತೇನ್ರಿ, ರೊಟ್ಟಿ ಭಾಗಮ್ಮನ ಮಗ. ನಮ್ಮವ್ವ ಇವತ್ತ ಮುಂಜಾನೆ ಹೋಗಿಬಿಟ್ಲ್ರಿ."

ಚೀಲ ಕೈಯಿಂದ ಜಾರಿ ಬಿತ್ತು. ಅವಳು ಸೆರಗು ಸಾವರಿಸಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ ಶಿವರಾಜ ಮಾತು ಮುಗಿಸಿ ಅವ್ವನ ಸಣ್ಣ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಅತ್ತು ಅತ್ತು ಅವನ ಮೂಗು ಕೆಂಪಾಗಿತ್ತು.

"ಅವ್ವನ ಫೋನಿನ್ಯಾಗ ಮಠ ಅಂತ ನಂಬರ್ ಇತ್ತು ನೋಡು. ಎತ್ತಿದಾತ ಒಮ್ಮೆಲೇ ಅಳಾಕ ಚಾಲೂ ಮಾಡಿದ. ಈಗಲೇ ಹೊಂಡತೀವಿ, ನಾವು ಬರೂತನಾ ಒಯ್ಯಬ್ಯಾಡ್ರಿ ಅಂದ. ಅವ್ವನ ಮ್ಯಾಲ ಅವರಿಗೆ ಎಷ್ಟು ಜೀವ ಇತ್ತು!"

ಆ ನಂಬರು ಮಠದ್ದಲ್ಲ. ಅದಕ್ಕೆ 'ಮಠ' ಎಂದು ಹೆಸರು ಹಾಕಿಕೊಟ್ಟವಳು ಕಸ್ತೂರಿಯೇ.

ಪಡಸಾಲೆಯ ಗೋಡೆಗೆ ಆನಿಸಿ ಭಾಗಮ್ಮನನ್ನು ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಮಾಲೆ, ಮಡಿಲಲ್ಲಿ ಸುಮ್ಮನೆ ಬಿದ್ದಿರುವ ಎರಡು ಕೈಗಳು. ಆ ಕೈಗಳು ಸುಮ್ಮನಿದ್ದದ್ದನ್ನು ಆ ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಶಹಾಪುರದ ಮದುವೆ, ಸೀಮಂತ, ಖಾನಾವಳಿಗಳಿಗೆಲ್ಲ ಭಾಗಮ್ಮನ ಮನೆಯಿಂದಲೇ ಜೋಳದ ರೊಟ್ಟಿ ಹೋಗುತ್ತಿತ್ತು. ಬೆಳಗಿನ ಜಾವಕ್ಕೆ ಹೊತ್ತಿಕೊಂಡ ಒಲೆಗಳು ಮಧ್ಯಾಹ್ನ ದಾಟಿದ ಮೇಲೆಯೇ ತಣ್ಣಗಾಗುತ್ತಿದ್ದವು. ಇವತ್ತು ಮಾತ್ರ ಒಲೆಗಳಿಗೆ ಬೂದಿ ಮುಚ್ಚಿತ್ತು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದು.

ಭಾಗಮ್ಮನ ಪಕ್ಕದಲ್ಲಿ, ಕಂಬಕ್ಕೆ ಒರಗಿ, ಅವಳ ಗಂಡ ಹಂಪಣ್ಣ ಕುಳಿತಿದ್ದ. ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಕಾಳು ತೂಗುತ್ತ ಆಯುಷ್ಯ ಸವೆಸಿದ ಮನುಷ್ಯ. ಮೊದಲಿನಿಂದಲೂ ಮಾತು ಕಡಿಮೆ. ಹೆಂಡತಿಯ ಬಗ್ಗೆ ಅವನು ಊರಿಗೆ ಹೇಳಿಕೊಳ್ಳುತ್ತಿದ್ದದ್ದು ಒಂದೇ ಮಾತು: "ನಮ್ಮಾಕಿ ಪ್ರತಿ ವರ್ಷಾ ಆಷಾಢದಾಗ ಅಬ್ಬೆತುಮಕೂರು ಮಠಕ್ಕ ಹೋಗತಾಳ. ಎರಡು ದಿನ ಅಲ್ಲೇ ಸೇವಾ ಮಾಡತಾಳ." ಅದನ್ನು ಹೇಳುವಾಗ ಮಾತ್ರ ಅವನ ಮೀಸೆ ತುಸು ಮೇಲೇರುತ್ತಿತ್ತು. ಇವತ್ತು ಮುಂಜಾನೆಯಿಂದ ಅವನು ಆಡಿದ್ದೂ ಒಂದೇ ಮಾತು. "ಆಕಿ ಚೀಲದಾಗ ಮಠದ ವಿಭೂತಿ ಇರತದ. ಅದನ್ನ ತಗೊಂಡು ಬಾ ಕಸ್ತೂರಿ. ಸಮಾಧಿಗೆ ಅದೇ ಇರಲಿ."

ಈಗ 'ಮಠ'ದಿಂದಲೇ ಜನ ಹೊರಟಿದ್ದಾರೆ. ಅವರು ಬಂದು ಬಾಯಿ ಬಿಟ್ಟರೆ, ಈ ಮನುಷ್ಯ ಇಷ್ಟು ವರ್ಷ ಊರ ಮುಂದೆ ಹೇಳಿಕೊಂಡ ಒಂದೇ ಒಂದು ಹೆಮ್ಮೆ, ಹೆಂಡತಿಯನ್ನು ಮಣ್ಣಿಗೆ ಕೊಡುವ ದಿನವೇ ಮಣ್ಣುಪಾಲಾಗುತ್ತದೆ. ಅತ್ತೆ ಸತ್ತ ದುಃಖಕ್ಕಿಂತ ಈ ಹೆದರಿಕೆಯೇ ಕಸ್ತೂರಿಗೆ ದೊಡ್ಡದಾಯಿತು. ಮುಂಜಾನೆಯಿಂದ ಅವಳಿಗೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ.

*

ಹಿಂದಿನ ಆಷಾಢದ ಮಾತು. ಮದುವೆಗಳಿಲ್ಲ, ಆರ್ಡರುಗಳಿಲ್ಲ, ಒಂದೇ ಒಲೆ ಉರಿಯುತ್ತಿತ್ತು. ಭಾಗಮ್ಮ ಹಿಟ್ಟಿನ ಕೈಯಲ್ಲೇ ಫೋನನ್ನು ಸೊಸೆಯ ಕಡೆಗೆ ಚಾಚಿದ್ದಳು.

"ಈ ನಂಬರ್ ಕಳದು ಹೋದೀತು. ಹೆಸರು ಹಾಕಿ ಇಡವ್ವ."

"ಏನಂತ ಹಾಕಲ್ರಿ ಅತ್ತಿ?"

"ಬಸವಂತ್ರಾಯ ಅಂತ... ಬ್ಯಾಡ ಬ್ಯಾಡ. ಮಠ ಅಂತ ಹಾಕು."

"ಬಸವಂತ್ರಾಯ ಅಂದ್ರ ಮಠದ ಅಯ್ಯನೋರೇನ್ರಿ?"

ಭಾಗಮ್ಮ ನಕ್ಕ ರಭಸಕ್ಕೆ ಮೊರದ ಹಿಟ್ಟು ಹಾರಿತು. "ಅಯ್ಯನೋರೂ ಅಲ್ಲ, ಗಿಯ್ಯನೋರೂ ಅಲ್ಲ. ಯಾದಗಿರಿ ಟೇಶನ್ ಬಾಜೂಕ ಅವನ ಹೋಟೆಲ್ ಅದ. ಒಗ್ಗರಣಿ, ಮಿರ್ಚಿ."

ಆಮೇಲೆ ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಮಠಕ್ಕೆ ಹೋಗುವುದು ಸುಳ್ಳಲ್ಲ. ಮೊದಲ ಬಸ್ಸಿಗೆ ಹೋಗಿ, ಗದ್ದುಗೆಗೆ ಹಣೆ ಹಚ್ಚಿ, ವಿಭೂತಿ ಕಟ್ಟಿಸಿಕೊಂಡು ಬರುತ್ತಾಳೆ. ಆದರೆ ಅದು ಬಿಸಿಲೇರುವುದರೊಳಗೆ ಮುಗಿಯುತ್ತದೆ. ಆಮೇಲಿನ ಎರಡು ದಿನ ಯಾದಗಿರಿ ಪೇಟೆಯಲ್ಲಿ ಹೊಟ್ಟೆಯ ಸೇವೆ. ಬಸವಂತ್ರಾಯನ ಹೋಟೆಲಿನಲ್ಲಿ ನೆನೆಸಿದ ಮಂಡಕ್ಕಿಗೆ ಪುಟಾಣಿ ಹಿಟ್ಟು ಹಾಕಿ ಕಲೆಸಿದ ಒಗ್ಗರಣೆ, ಬಾಣಲೆಯಿಂದ ನೇರ ತಟ್ಟೆಗೆ ಬೀಳುವ ಮಿರ್ಚಿ ಬಜ್ಜಿ. ಮಧ್ಯಾಹ್ನ ಖಾನಾವಳಿಯ ಊಟ, ಬೇರೆ ಯಾರೋ ಬಡಿದ ರೊಟ್ಟಿ. ಅದರ ಅಂಚು ದಪ್ಪವಾಯಿತು ಎಂದು ಮನಸ್ಸಿನಲ್ಲೇ ಬೈಯುತ್ತ ಎರಡು ಹೆಚ್ಚಿಗೆ ತಿನ್ನುವ ಸುಖ. ಸಂಜೆಗೆ, ಹೋಟೆಲಿನ ಪಕ್ಕದಲ್ಲೇ ಚಹಾ ಮಾರುವ ಖಾಜಾಬೀಯ ಮನೆ. ತುಪ್ಪದಲ್ಲಿ ಹುರಿದ ಬ್ರೆಡ್ಡಿಗೆ ಹಾಲು ಸಕ್ಕರೆ ಕುಡಿಸಿ ಅವಳು ಮಾಡುವ ಡಬಲ್ ಕಾ ಮೀಠಾ. ಮಲಗುವುದೂ ಅವಳ ಮನೆಯಲ್ಲೇ.

"ಆಷಾಢದಾಗ ಪ್ಯಾಟಿ ಖಾಲಿ ಇರತದವ್ವ. ಗಿರಾಕಿ ಇಲ್ಲ, ಗದ್ದಲ ಇಲ್ಲ. ಬಸವಂತ್ರಾಯ ತಾನೇ ಎದುರಿಗೆ ನಿಂತು ಒಂದೊಂದೇ ಹಾಕತಾನ. ನಾ ಒಂದು ತಿಂದು ಮುಗಿಸೂತನಾ ಇನ್ನೊಂದು ಎಣ್ಣ್ಯಾಗ ಇರತದ."

"ಮಾವಗ ಹೇಳಿದ್ರ ಬ್ಯಾಡ ಅಂತಾರೇನ್ರಿ?"

"ಆತ ಬ್ಯಾಡ ಅನ್ನಂಗಿಲ್ಲ. ಆದ್ರ ಮಂದಿ ಬಿಡತಾರೇನು? ರೊಟ್ಟಿ ಭಾಗಮ್ಮ ಮಿರ್ಚಿ ತಿನ್ನಾಕ ಯಾದಗಿರಿಗೆ ಹೋಗ್ಯಾಳ ಅಂದ್ರ ಆತನ್ನ ಹಿಡಕೊಂಡು ನಗತಾರ. ಮಠಕ್ಕ ಹೋಗ್ಯಾಳ ಅಂದ್ರ ಕೈ ಮುಗಿದು ದಾರಿ ಬಿಡತಾರ." ಅವಳು ಒಲೆಯ ಕೆಂಡವನ್ನು ಮುಂದಕ್ಕೆಳೆದಳು. "ಈ ಮನಿಗೆ ಬಂದಾಗಿನಿಂದ ನಾ ಬಿಸಿ ರೊಟ್ಟಿ ಕುಂತು ಉಂಡಿಲ್ಲ ಕಸ್ತೂರಿ. ಎಲ್ಲಾರಿಗೂ ಹಾಕಿ, ಕಡೀಕ ಉಳಿದ ತಣ್ಣಂದು, ನಿಂತಕೊಂಡೇ. ಯಾರೂ ನಿಲ್ಲು ಅಂದಿಲ್ಲ, ಮತ್ತ ಯಾರೂ ಕುಂಡ್ರು ಅಂದಿಲ್ಲ."

ಮಾವನ ಎದುರಿಗೆ ಸೊಸೆಯಂದಿರು ಕೂತು ಉಣ್ಣುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಅತ್ತೆ ಹೇಳಿದ್ದು ತನ್ನ ಕತೆಯೂ ಹೌದು ಎಂದು ಕಸ್ತೂರಿಗೆ ಆವತ್ತು ಹೊಳೆಯಿತು. ಅವಳು 'ಮಠ' ಎಂದು ಒತ್ತಿ ಫೋನನ್ನು ತಿರುಗಿ ಕೊಟ್ಟಿದ್ದಳು.

*

"ಕಂಬಳಿ ಹಾಸ್ರಿ, ಕಂಬಳಿ! ಮಠದವರು ಬರಾಕತ್ತಾರ. ಕಾಲಿಗೆ ನೀರು ಇಡ್ರಿ."

ಸುರಪುರದಿಂದ ಬಂದಿದ್ದ ಹಂಪಣ್ಣನ ತಂಗಿ ಮಲ್ಲೇಶ್ವರಿ ಮನೆಯ ಯಜಮಾನಿಕೆ ಆಗಲೇ ಕೈಗೆ ತೆಗೆದುಕೊಂಡಿದ್ದಳು. ಅಳು ಬಂದಾಗ ಅಳುತ್ತಿದ್ದಳು, ನಡುನಡುವೆ ಹುಕುಂ ಮಾಡುತ್ತಿದ್ದಳು. ಬಂದವರಿಗೆಲ್ಲ ಒಂದೇ ವರದಿ: "ಶರಣಿ ಇದ್ದಂಗ ಇದ್ಲು ನಮ್ಮ ವೈನಿ. ಇಲ್ಲಂದ್ರ ಮಠದವರು ತಾವಾಗಿ ಬರತಾರೇನ್ರಿ?"

ಓಣಿಯವರು ತಲೆದೂಗುತ್ತಿದ್ದರು. ಭಜನೆಯವರ ತಾಳ ಇನ್ನೂ ಜೋರಾಯಿತು. ಕಸ್ತೂರಿ ಗಂಡನನ್ನು ಮೂಲೆಗೆ ಕರೆದು ಹೇಳೋಣವೆಂದರೆ ಅವನು ಕುಣಿ ತೋಡುವವರ ಜೊತೆ ರುದ್ರಭೂಮಿಗೆ ಹೋಗಿದ್ದ. ಅವಳು ಒಳಗೆ ಬಿದ್ದಿದ್ದ ಚೀಲದಿಂದ ವಿಭೂತಿಯ ಗಂಟು ತೆಗೆದುಕೊಂಡು ಮಾವನ ಹತ್ತಿರ ಬಂದು ನಿಂತಳು.

"ಮಾವ, ಅವರು ಫೋನ್ ಮಾಡಿದ್ರಲ್ರೀ... ಮಠಕ್ಕ..."

"ಕೇಳ್ದೆ," ಎಂದ ಹಂಪಣ್ಣ. ಗಂಟನ್ನು ಮೂಗಿನ ಹತ್ತಿರ ಒಯ್ದು, ಏನೋ ನೆನಪಾದವನಂತೆ ಒಂದು ಗಳಿಗೆ ಕಣ್ಣುಮುಚ್ಚಿ, ಆಮೇಲೆ ಅದನ್ನು ಹೆಂಡತಿಯ ಮಡಿಲಲ್ಲಿ ಇಟ್ಟ. "ಬರಲಿ ಬಿಡು."

ಒಳಗೆ ಬಂದ ಕಸ್ತೂರಿ ಬಿದ್ದಿದ್ದ ಚೀಲವನ್ನು ಎತ್ತಿದಳು. ಅದರಲ್ಲಿ ಎರಡು ಸೀರೆಗಳಿದ್ದವು.

*

ನಿನ್ನೆ ಸಂಜೆ ಭಾಗಮ್ಮ ತಾನೇ ಆ ಸೀರೆಗಳನ್ನು ಮಡಿಸಿ ಇಟ್ಟಿದ್ದಳು. ಒಂದು ತನ್ನ ಇಳಕಲ್ಲು, ಇನ್ನೊಂದು ಕಸ್ತೂರಿಯ ಹಸಿರು ಸೀರೆ.

"ಈ ಸಲ ನೀನೂ ಬಾ. ಸೊಸಿನ್ನೂ ಮಠಕ್ಕ ಕರಕೊಂಡು ಹೋಗತೀನಿ ಅಂತ ನಿಮ್ಮ ಮಾವಗ ಹೇಳೀನಿ. ಹೂಂ ಅಂದಾನ."

"ನಾ ಬಂದ್ರ ಮನೀ ಕೆಲಸ?"

"ಎರಡು ದಿನ ಎದುರುಮನಿ ತಿಮ್ಮವ್ವ ನೋಡಕೋತಾಳ. ಮನಿ ಎಲ್ಲೂ ಓಡಿ ಹೋಗಂಗಿಲ್ಲ." ಭಾಗಮ್ಮ ಚೀಲದ ಬಾಯಿಯನ್ನು ಎಳೆದು ಕಟ್ಟಿ ಗೂಟಕ್ಕೆ ಹಾಕಿದಳು. "ಕಲಿ ಕಸ್ತೂರಿ. ಮಂದಿಗೆ ಹಾಕೋದು ಕಲಿತಿ. ಹಾಕಿಸಿಕೊಂಡು ತಿನ್ನೋದೂ ಒಂದು ಕಲಿಯೋ ಕೆಲಸ."

ಬೆಳಗಿನ ಜಾವ ಅವಳು ಮುಖ ತೊಳೆದು, ಬಸ್ಸಿಗೆ ಹೊರಡುವ ಮೊದಲು ಗಂಡಸರಿಗೆ ನಾಲ್ಕು ರೊಟ್ಟಿ ಬಡಿದಿಟ್ಟು ಬಿಡೋಣವೆಂದು ಒಲೆಯ ಮುಂದೆ ಕುಳಿತಳು. ಎದೆ ಹಿಡಿದಂತಾಗುತ್ತಿದೆ ಎಂದಳು. ಕಸ್ತೂರಿ ಓಡಿಬಂದು ಹಿಡಿದುಕೊಂಡಳು. ಹಂಚು ಕಾಯುವುದರೊಳಗೆ ಎಲ್ಲ ಮುಗಿದಿತ್ತು.

*

ಮಧ್ಯಾಹ್ನದ ಹೊತ್ತಿಗೆ ಅಂಗಳದ ಮುಂದೆ ಒಂದು ಆಟೋ ಬಂದು ನಿಂತಿತು. ಭಜನೆ ನಿಂತಿತು. ಮಲ್ಲೇಶ್ವರಿ ಚೊಂಬು ಹಿಡಿದು ಮುಂದಾದಳು.

ಆಟೋದಿಂದ ಇಳಿದದ್ದು ಕಾವಿಯೂ ಅಲ್ಲ, ರುದ್ರಾಕ್ಷಿಯೂ ಅಲ್ಲ. ಹೊಟ್ಟೆಯ ಮೇಲೆ ಎಣ್ಣೆಯ ಕಲೆಗಳಿರುವ ಅಂಗಿ ತೊಟ್ಟ ದಪ್ಪ ಮನುಷ್ಯನೊಬ್ಬ. ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಅವನ ಹಿಂದೆ, ತಲೆಯ ಮೇಲೆ ಸೆರಗು ಹೊದ್ದ ವಯಸ್ಸಾದ ಹೆಂಗಸು, ಎದೆಗೆ ಅವಚಿಕೊಂಡ ಒಂದು ಪಾತ್ರೆ. ಇಬ್ಬರೂ ಯಾರನ್ನೂ ನೋಡದೆ ನೇರವಾಗಿ ಭಾಗಮ್ಮನ ಮುಂದೆ ಹೋಗಿ ಕುಸಿದರು. ದಪ್ಪ ಮನುಷ್ಯ ಮಗುವಿನಂತೆ ಬಿಕ್ಕಿದ. ಹೆಂಗಸು ಭಾಗಮ್ಮನ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

ಮಲ್ಲೇಶ್ವರಿಗೆ ಚೊಂಬನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. "ನೀವು... ಮಠದಾಗ ಏನು ಕೆಲಸ ಮಾಡತೀರಿ?"

ಬಸವಂತ್ರಾಯ ಕಣ್ಣೊರೆಸಿಕೊಂಡು ತಲೆಯೆತ್ತಿದ. "ಮಠದಾಗೇನ್ರಿ? ನಾ..."

"ದಾಸೋಹದಾಗ್ರಿ!" ಕಸ್ತೂರಿ ಮುಂದೆ ನುಗ್ಗಿದಳು. ದನಿ ತನಗೇ ಗೊತ್ತಿಲ್ಲದಂತೆ ಜೋರಾಗಿತ್ತು. "ಅಡಗಿ ಮಾಡತಾರ. ಅತ್ತಿ ಹೇಳತಿದ್ರು."

ಬಸವಂತ್ರಾಯ ಅವಳ ಮುಖ ನೋಡಿದ. ಕಂಬಳಿ ನೋಡಿದ, ಕಾಲಿಗಿಟ್ಟ ನೀರು ನೋಡಿದ. ಹೋಟೆಲು ನಡೆಸಿದವನಿಗೆ ಗಿರಾಕಿಯ ಮುಖ ಓದುವುದು ಕಷ್ಟವೇ? "ಹೌದ್ರಿ," ಎಂದ. "ಬಂದವರಿಗೆ ತಿನ್ನಾಕ ಹಾಕೋದೇ ನನ್ನ ಕೆಲಸ."

"ಮತ್ತ ಇವರು?"

ಖಾಜಾಬೀಗೆ ಇದೊಂದೂ ತಿಳಿದಿರಲಿಲ್ಲ. ಅವಳು ಅಳುತ್ತಲೇ ಹೇಳಿದಳು. "ಭಾಗಮ್ಮ ಆಪಾ ಪ್ರತಿ ವರ್ಷಾ ನಮ್ಮ ಮನ್ಯಾಗೇ ಮಲಗತಿದ್ರಮ್ಮ. ನಿನ್ನಿ ಫೋನ್ ಮಾಡಿ, ಸೊಸಿನ್ನೂ ಕರಕೊಂಡು ಬರತೀನಿ, ಮೀಠಾ ಹೆಚ್ಚಿಗಿ ಮಾಡು ಅಂದಿದ್ರು. ಮಾಡಿಟ್ಟಿದ್ದೆ."

ಮಲ್ಲೇಶ್ವರಿಯ ಹುಬ್ಬು ಏರಿತು. "ನಿಮ್ಮ ಮನ್ಯಾಗ? ಮಠದಾಗ ಅಲ್ಲೇನು?"

ಹೇಳಲು ಇನ್ನೊಂದು ಸುಳ್ಳು ಕಸ್ತೂರಿಯಲ್ಲಿ ಉಳಿದಿರಲಿಲ್ಲ. ಆಗ ಕಂಬದ ಹತ್ತಿರದಿಂದ ಹಂಪಣ್ಣನ ದನಿ ಬಂತು.

"ಮಲ್ಲೇಶ್ವರಿ, ಅವರಿಗೆ ಮೊದಲು ಕುಂಡ್ರಾಕ ಜಾಗ ಕೊಡು. ದೂರದಿಂದ ಬಂದಾರ. ಕೇಳೋದು ಆಮೇಲೆ ಕೇಳೀಯಂತ."

ಅಣ್ಣ ಹಾಗೆ ಗಡಸಾಗಿ ಮಾತಾಡಿದ್ದು ಮಲ್ಲೇಶ್ವರಿಗೆ ನೆನಪಿರಲಿಲ್ಲ. ಅವಳು ಚೊಂಬನ್ನು ಕೆಳಗಿಟ್ಟು ಕಂಬಳಿಯ ಕಡೆ ಕೈ ತೋರಿಸಿದಳು. ಅಷ್ಟರಲ್ಲಿ ಅಯ್ಯನೋರು ಹೊತ್ತಾಯಿತೆಂದರು. ಹೂವಿನಿಂದ ಸಿಂಗರಿಸಿದ ಕುರ್ಚಿಯಲ್ಲಿ ಭಾಗಮ್ಮನನ್ನು ಕೂರಿಸಿ ಎತ್ತಿದರು. ಹೆಗಲು ಕೊಟ್ಟವರಲ್ಲಿ ಬಸವಂತ್ರಾಯನೂ ಇದ್ದ.

ರುದ್ರಭೂಮಿಯಲ್ಲಿ ಮೋಡ ಮುಸುಕಿತ್ತು. ಕುಣಿಯೊಳಗೆ ಭಾಗಮ್ಮನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಪತ್ರಿ ಏರಿಸಿದರು. ಹಂಪಣ್ಣ ಮಠದ ಗಂಟನ್ನು ಬಿಚ್ಚಿ ತನ್ನ ಕೈಯಾರೆ ವಿಭೂತಿ ಹಚ್ಚಿದ. ಮಣ್ಣು ಹಾಕುವಾಗ ಮಾತ್ರ ಅವನು ಮುಖ ತಿರುಗಿಸಿ ಗುಡ್ಡದ ಕಡೆ ನೋಡುತ್ತ ನಿಂತ. ಹೆಂಗಸರ ಸಾಲಿನಲ್ಲಿ ಕಸ್ತೂರಿ ಖಾಜಾಬೀಯ ಕೈ ಹಿಡಿದುಕೊಂಡಿದ್ದಳು. ಯಾರು ಯಾರದನ್ನು ಹಿಡಿದರೋ, ಬಿಡಿಸಿಕೊಳ್ಳುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಮನೆಗೆ ಬಂದು ಮೈ ತೊಳೆದುಕೊಂಡ ಮೇಲೆ ಓಣಿಯವರು ತಂದ ಬುತ್ತಿಗಳು ಪಡಸಾಲೆಯಲ್ಲಿ ಸಾಲಾದವು. ಅನ್ನ, ಸಾರು, ಯಾರದೋ ಮನೆಯ ರೊಟ್ಟಿ. ಬಸವಂತ್ರಾಯ ಡಬ್ಬಿ ಬಿಚ್ಚಿದ. ಮೇಲೆ ಒಗ್ಗರಣೆ ಇತ್ತು. ಕೆಳಗಿನ ಖಾನೆಯಲ್ಲಿ ಕಡಲೆಹಿಟ್ಟು, ಉದ್ದನೆಯ ಹಸಿಮೆಣಸಿನಕಾಯಿ.

"ತಣ್ಣನ ಮಿರ್ಚಿ ಅಕ್ಕಗ ಸೇರತಿರಲಿಲ್ರಿ," ಎಂದ ತಲೆ ತಗ್ಗಿಸಿ. "ಅದಕ್ಕ ಹಂಗೇ ತಂದೀನಿ. ಒಂದು ಒಲಿ ತೋರಿಸಿದ್ರ ಬಿಸಿದು ಕರದು ಕೊಡತೀನಿ."

"ಸಾವಾದ ಮನ್ಯಾಗ ಎಣ್ಣಿ ಕಾಸೋದೇನು!" ಮಲ್ಲೇಶ್ವರಿ ಬೆಚ್ಚಿಬಿದ್ದಳು.

"ಈ ಮನ್ಯಾಗ ಬ್ಯಾಡ," ಎಂದ ಹಂಪಣ್ಣ. "ಎದುರಿಗೆ ತಿಮ್ಮವ್ವನ ಅಂಗಳದಾಗ ಹಚ್ಚಲಿ. ಮಠದಿಂದ ಬಂದ ಪ್ರಸಾದ ಅದು ಮಲ್ಲೇಶ್ವರಿ. ಬ್ಯಾಡ ಅಂತಾರೇನು?"

ಪ್ರಸಾದವೆಂದ ಮೇಲೆ ಮಲ್ಲೇಶ್ವರಿ ಮರುಮಾತಾಡುವ ಹಾಗಿರಲಿಲ್ಲ. ಆದರೆ ಕಸ್ತೂರಿ ಮಾವನ ಮುಖ ನೋಡಿದಳು. ಮಿರ್ಚಿಯನ್ನು ಪ್ರಸಾದ ಮಾಡುವ ಮಠ ಯಾವ ಲೋಕದಲ್ಲೂ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಮೀಸೆಯ ಅಡಿಯಲ್ಲಿ ಏನೋ ಅಲುಗಿತು.

ಎದುರಿನ ಅಂಗಳದಲ್ಲಿ ತಿಮ್ಮವ್ವ ಒಲೆ ಹೊತ್ತಿಸಿದಳು. ಭಾಗಮ್ಮನ ಜೊತೆ ರೊಟ್ಟಿ ಬಡಿಯುತ್ತಲೇ ಕೂದಲು ಹಣ್ಣು ಮಾಡಿಕೊಂಡವಳು, ಒಲೆ ಊದುತ್ತ ಊದುತ್ತ ಅಳುತ್ತಿದ್ದಳು. ಬೇವಿನ ಮರದ ಕೆಳಗೆ ಹಂಪಣ್ಣ ನಿಂತಿದ್ದ. ಕಸ್ತೂರಿ ಹತ್ತಿರ ಹೋದಳು.

"ಮಾವ, ನಿಮಗ ಗೊತ್ತಿತ್ತೇನ್ರಿ?"

"ಇಷ್ಟು ವರ್ಷ ನನ್ನ ಹಣಿ ಮ್ಯಾಲ ವಿಭೂತಿ ಹಚ್ಚಿದಾಕಿ ಆಕಿ," ಎಂದ ಹಂಪಣ್ಣ. "ಯಾವ ಮಠದ ವಿಭೂತಿ ಹಸಿಮೆಣಸಿನಕಾಯಿ ವಾಸನಿ ಬರತದವ್ವ?"

ಕಸ್ತೂರಿಗೆ ನಗು ಬಂತು. ನಗಬಾರದ ದಿನ ಅದು, ಆದರೂ ಬಂತು.

"ಒಂದು ಆಷಾಢ ಅಡತಿ ಕೆಲಸದ ಮ್ಯಾಲ ಯಾದಗಿರಿಗೆ ಹೋಗಿದ್ದೆ. ಟೇಶನ್ ಹತ್ರ ನೋಡತೀನಿ, ಹೋಟೆಲ್ ಒಳಗ ಕುಂತಾಳ. ಈ ಬಸವಂತ್ರಾಯ ಹಾಕಾಕತ್ತಾನ, ಈಕಿ ತಿನ್ನಾಕತ್ತಾಳ. ಬಾಯಿ ಖಾರಾಗಿ ಉಸ್ ಉಸ್ ಅನ್ನಾಕತ್ತಾಳ, ನಗಾಕತ್ತಾಳ. ಮದುವಿ ಆದಾಗಿನಿಂದ ಆಕಿ ಕುಂತು ತಿನ್ನೋದು ನಾ ನೋಡಿದ್ದು ಅದೇ ಮೊದಲು."

"ಒಳಗ ಹೋಗಲಿಲ್ಲೇನ್ರಿ?"

ಹಂಪಣ್ಣ ಒಲೆಯ ಕಡೆ ನೋಡಿದ. ಬಾಣಲೆಯಲ್ಲಿ ಎಣ್ಣೆ ಸದ್ದು ಮಾಡತೊಡಗಿತ್ತು.

"ಹೋಗಿದ್ರ ಎದ್ದು ನಿಲ್ಲತಿದ್ಲವ್ವ," ಎಂದ. "ಅದಕ್ಕ ಹಂಗೇ ಹೊಳ್ಳಿ ಬಂದೆ. ಊರಿಗೆಲ್ಲ ಮಠಕ್ಕ ಹೋಗ್ಯಾಳ ಅಂತ ನಾನೇ ಸಾರಿದೆ. ಮತ್ತ ಯಾರೂ ಕೇಳಬಾರದಲ್ಲ."

ಊರ ಮುಂದೆ ಏರುತ್ತಿದ್ದ ಆ ಮೀಸೆಯ ಅರ್ಥ ಕಸ್ತೂರಿಗೆ ಈಗ ತಿಳಿಯಿತು. ಕಾಯಬೇಕೆಂದು ಮುಂಜಾನೆಯಿಂದ ಅವಳು ಒದ್ದಾಡಿದ್ದ ಗುಟ್ಟನ್ನು ಈ ಮನುಷ್ಯ ಅವಳಿಗಿಂತ ಮೊದಲೇ, ಅವಳಿಗಿಂತ ಚೆನ್ನಾಗಿ ಕಾದಿದ್ದ.

"ಆ ಕೆಂಪು ಚೀಲದಾಗ ನಿನ್ನ ಸೀರಿನೂ ಅದ ಅಲ್ಲ?" ಎಂದ ಹಂಪಣ್ಣ. "ಬಿಚ್ಚಬ್ಯಾಡ. ಗೂಟಕ್ಕೇ ಇರಲಿ. ಬರೋ ಆಷಾಢಕ್ಕ ನೀ ಹೋಗು. ಶಿವರಾಜಗ ನಾ ಹೇಳತೀನಿ, ಮಠದ ಸೇವಾ ಬಿಡಬಾರದು ಅಂತ."

"ಬರ್ರಿ, ಬಿಸಿ ಆಗ್ಯಾವ!" ಬಸವಂತ್ರಾಯ ಕೂಗಿದ.

ಕಸ್ತೂರಿ ರೂಢಿಯಂತೆ ತಟ್ಟೆಗಳನ್ನು ತೆಗೆದುಕೊಂಡು ಬಡಿಸಲು ಹೊರಟಳು. ಹಂಪಣ್ಣ ಅವಳ ಕೈಯಿಂದ ತಟ್ಟೆಗಳನ್ನು ಇಸಿದುಕೊಂಡ. ಒಳಗೆ ಹೋಗಿ, ಭಾಗಮ್ಮ ಕುಳಿತು ರೊಟ್ಟಿ ಬಡಿಯುತ್ತಿದ್ದ ಮಣೆಯನ್ನು ತಂದು ಬೇವಿನ ಮರದ ಕೆಳಗೆ ಹಾಕಿದ.

"ಕುಂಡ್ರು."

ಎಲ್ಲರೂ ನೋಡುತ್ತಿದ್ದರು. ಮಲ್ಲೇಶ್ವರಿಯೂ ನೋಡುತ್ತಿದ್ದಳು. ಕಸ್ತೂರಿ ಅಂಜುತ್ತಂಜುತ್ತ ಮಣೆಯ ತುದಿಯ ಮೇಲೆ ಕುಳಿತಳು. ಹಂಪಣ್ಣ ತಾನೇ ಬಾಣಲೆಯ ಹತ್ತಿರ ಹೋಗಿ, ಒಗ್ಗರಣೆಯ ಮೇಲೆ ಒಂದು ಮಿರ್ಚಿ ಹಾಕಿಸಿಕೊಂಡು, ತಟ್ಟೆಯನ್ನು ಅವಳ ಮುಂದಿಟ್ಟ. ಅವಳು ಕಚ್ಚಿದಳು. ಬಿಸಿ ಹಬೆ ಮೂಗಿಗೆ ಹೊಡೆಯಿತು, ಖಾರ ನೆತ್ತಿಗೇರಿತು, ಮುಂಜಾನೆಯಿಂದ ಬಾರದ ಕಣ್ಣೀರು ದಳದಳ ಇಳಿಯತೊಡಗಿತು. ಖಾಜಾಬೀ ಪಕ್ಕದಲ್ಲಿ ಬಂದು ಕುಳಿತು ಮೀಠಾದ ಪಾತ್ರೆಯ ಮುಚ್ಚಳ ತೆಗೆದಳು.

ಹಂಪಣ್ಣ ಎರಡನೆಯ ಮಿರ್ಚಿ ಹಿಡಿದುಕೊಂಡು ಬರುವುದನ್ನು ಕಂಡು ಕಸ್ತೂರಿ ದಡಬಡಿಸಿ ಏಳಹೋದಳು.

"ಏಳಬ್ಯಾಡ," ಎಂದ ಮಾವ. ಬಗ್ಗಿ ಅವಳ ತಟ್ಟೆಗೆ ಹಾಕಿ, ಮೂರನೆಯದಕ್ಕೆ ಒಲೆಯ ಕಡೆ ತಿರುಗಿದ.